ಎದೆ ಅಳತೆ ಇಲ್ಲದ ಪತ್ತೇದಾರ

ಬೆಳಗಾವಿ ತಿಲಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ ಮಿರ್ಚಿ ಭಜಿ ಗಾಡಿಯೊಂದಿದೆ. ಅದಕ್ಕೆ ಆಹಾರ ಸುರಕ್ಷತೆ ನೋಂದಣಿಯ ಕಾಗದ ನೇತಾಡುತ್ತಿದೆ, ಎಣ್ಣೆ ಸಿಡಿದು ನಂಬರು ಅರ್ಧ ಮಾಸಿದೆ, ಆದರೂ ಇದೆ. ಪಕ್ಕದ ಎಟಿಎಂ ಕಾಯುವ ಕಾಕಾನದು ಇನ್ನೂ ದೊಡ್ಡ ಪರೀಕ್ಷೆ. 2005ರ ಸೆಕ್ಯೂರಿಟಿ ಏಜೆನ್ಸಿ ಕಾಯ್ದೆ, ಅದರ ಮಾದರಿ ನಿಯಮ ಹೇಳೋ ಪ್ರಕಾರ ಗಂಡಸರು ಗಾರ್ಡ್ ಆಗೋಕೆ 160 ಸೆಂಟಿಮೀಟರ್ ಎತ್ತರ ಬೇಕು, 80 ಸೆಂಟಿಮೀಟರ್ ಎದೆ ಬೇಕು, ಉಸಿರೆಳೆದರೆ ಅದು ಇನ್ನೂ 4 ಉಬ್ಬಬೇಕು, ಮೇಲೆ 160 ಗಂಟೆ ತರಬೇತಿ. ಸ್ಟೂಲಿನ ಮೇಲೆ ತೂಕಡಿಸೋಕೆ ಅಷ್ಟು ಎದೆ ಯಾಕೆ ಅಂತ ಕೇಳಬೇಡಿ.

ಆದರೆ ನಿಮ್ಮ ಮಗಳಿಗೆ ನೋಡಿದ ಹುಡುಗನ ಹಿಂದೆ ಬಿದ್ದು, ಅವನ ಫೋಟೊ ತೆಗೆದು, ಮನೆ ಗುಟ್ಟು ಮಾರುವ ಖಾಸಗಿ ಪತ್ತೇದಾರನಿಗೆ? ಫ್ಲೆಕ್ಸ್ ಅಂಗಡಿಯ ಮೇಲೊಂದು ರೂಮು ಸಾಕು. ಬೋರ್ಡು ಕೆಳಗೇ ಪ್ರಿಂಟ್ ಆಗುತ್ತದೆ.

2007ರಲ್ಲಿ ಇವರಿಗೂ ಲೈಸೆನ್ಸ್ ಕೊಡಬೇಕು ಅಂತ ರಾಜ್ಯಸಭೆಯಲ್ಲಿ ಮಸೂದೆ ಬಂತು. ಸ್ಥಾಯಿ ಸಮಿತಿಗೆ ಹೋಯ್ತು. ವರ್ಷಗಟ್ಟಲೆ ಮಲಗಿತು, ಕೊನೆಗೆ ವಾಪಸ್ ತಗೊಂಡರು. ಪತ್ತೇದಾರರ ಮಸೂದೆಯೇ ಪತ್ತೆ ಇಲ್ಲ!

ನಮ್ಮ ಸಂಬಂಧಿಕರೊಬ್ಬರು ಅಂಥ ಒಬ್ಬ ಪತ್ತೇದಾರನನ್ನು ಕೆಲಸಕ್ಕೆ ಹಿಡಿದರು. ಅವನು ಹುಡುಗನ ಮನೆ ಎದುರು ಬೈಕ್ ನಿಲ್ಲಿಸಿ, ಮಟಮಟ ಮಧ್ಯಾಹ್ನ ಹೆಲ್ಮೆಟ್ ತೆಗೆಯದೆ ಎರಡು ದಿನ ನಿಂತ. ಮೂರನೇ ದಿನ ಹುಡುಗನ ತಾಯಿಯೇ ಚಹಾ ತಂದು, "ನೀವು ಹುಡುಗಿ ಕಡೆಯವರಲ್ವಾ? ಬಿಸಿಲಾಗ ಯಾಕ ನಿಂತೀರಿ, ಒಳಗ ಬರ್ರಿ, ಏನ್ ಬೇಕೋ ಕೇಳ್ರಿ" ಅಂದರು. ಹೋದ, ಕೂತ, ಕೇಳಿದ. ಅದೇ ನಾಲ್ಕು ಪುಟದ 'ರಹಸ್ಯ ವರದಿ' ಆಯ್ತು. ಮೂರನೇ ಪುಟದಲ್ಲಿ ಹುಡುಗ ಕುಂದಾ ತಿನ್ನುವ ಫೋಟೊ, ಕೆಳಗೆ "ಸಿಹಿಯ ಚಟವಿದೆ". ಬೆಳಗಾವಿಯಲ್ಲಿ ಇದು ಯಾರಿಗಿಲ್ಲ ಹೇಳಿ!

ನಾಳೆ ಕಾಯ್ದೆ ಬಂದರೆ ಇನ್ನೂ ಚಂದ. ಸೆಕ್ಯೂರಿಟಿ ಕಾಯ್ದೆಯಲ್ಲಿ ಲೈಸೆನ್ಸನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಅಂತಿದೆ. ಅದನ್ನೇ ಇಲ್ಲಿಗೂ ಅಂಟಿಸುತ್ತಾರೆ, ಗುಪ್ತವಾಗಿ ಹಿಂಬಾಲಿಸುವವನು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡೇ ಹಿಂಬಾಲಿಸಬೇಕು. ಅವನ ಪೊಲೀಸ್ ವೆರಿಫಿಕೇಶನ್‌ಗೆ ಬಂದ ಪೇದೆ ಓಣಿಯವರನ್ನು ಕೇಳುತ್ತಾನೆ, ಓಣಿಯವರು ಪತ್ತೇದಾರನ ಬಗ್ಗೆ ಅವನ ವರದಿಗಿಂತ ಜಾಸ್ತಿ ಹೇಳುತ್ತಾರೆ. ಸುವರ್ಣಸೌಧದ ಚಳಿಗಾಲದ ಅಧಿವೇಶನಕ್ಕೆ ಇದಕ್ಕಿಂತ ಒಳ್ಳೆ ವಿಷಯ ಸಿಗುತ್ತಾ?

ಆ ಪತ್ತೇದಾರನಿಗೆ ದುಡ್ಡು ಕೊಡುವಾಗ ಸುಮ್ನೆ ಕೇಳಿದೆ, "ಲೈಸೆನ್ಸ್ ಐತೇನ್ರಿ?" ಅವನು ಪರ್ಸ್ ತೆಗೆದು ಡ್ರೈವಿಂಗ್ ಲೈಸೆನ್ಸ್ ತೋರಿಸಿದ. ಅದರ ಅವಧಿಯೂ ಮುಗಿದಿತ್ತು.