ಚಿತ್ರ ಬರೆದದ್ದೆಲ್ಲ ಮಕ್ಕಳಾಟವೇ?
ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಚಿತ್ರಗಳು, ಮಕ್ಕಳ ಕಾರ್ಟೂನ್, ದೊಡ್ಡವರು ನೋಡುವುದು ಬಾಲಿಶ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ನನಗೆ ನೋವು ತಂದಿತು. ಇಸಾವೊ ತಕಾಹತ ನಿರ್ದೇಶಿಸಿದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (1988) ನೋಡಿದ ಯಾರೂ ಹಾಗೆ ಬರೆಯಲಾರರು. 1945ರಲ್ಲಿ, ಎರಡನೇ ಮಹಾಯುದ್ಧದ ವೇಳೆ, ಜಪಾನಿನ ಕೋಬೆ ನಗರದ ಮೇಲೆ ಬೆಂಕಿಬಾಂಬುಗಳು ಬಿದ್ದು ತಾಯಿಯನ್ನು ಕಳೆದುಕೊಂಡ ಅಣ್ಣ-ತಂಗಿಯರ ಕಥೆ ಅದು. ಹಸಿವಿನಿಂದ ಕಂಗೆಟ್ಟ ಪುಟ್ಟ ತಂಗಿ ಸೆತ್ಸುಕೊ ಆಟದ ಗಾಜಿನ ಬಿಲ್ಲೆಯನ್ನು ಮಿಠಾಯಿಯೆಂದು ಚೀಪುತ್ತಾಳೆ. ಮಣ್ಣಿನ ಉಂಡೆಗಳನ್ನು ಅನ್ನವೆಂದು ಅಣ್ಣನಿಗೆ ನೀಡುತ್ತಾಳೆ. ಎಳೆಯ ನಟಿಯೊಬ್ಬಳಿಂದ ಆ ದೃಶ್ಯ ಮಾಡಿಸಲು ಯಾರಿಗೆ ಮನಸ್ಸು ಬಂದೀತು? ರೇಖೆಗಳಿಗೆ ಅದು ಸಾಧ್ಯವಾಯಿತು. ತಕಾಹತ ಸ್ವತಃ ಬಾಲ್ಯದಲ್ಲಿ ಒಕಾಯಾಮ ನಗರದ ಮೇಲಿನ ವಾಯುದಾಳಿಯಿಂದ ಪಾರಾದವರು. ಜಪಾನಿನಲ್ಲಂತೂ ಹುಡುಗರಿಗೆ ಶೋನೆನ್, ವಯಸ್ಕರಿಗೆ ಸೇನೆನ್ ಎಂದು ಮಂಗಾ (ಚಿತ್ರಕಥೆ) ಪತ್ರಿಕೆಗಳೇ ಬೇರೆ ಬೇರೆ. ಎಲ್ಲವನ್ನೂ ಒಂದೇ ಗಂಟು ಕಟ್ಟುವ ಮೊದಲು ಲೇಖಕರು ಈ ಚಿತ್ರವೊಂದನ್ನಾದರೂ ಪೂರ್ತಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.