ಮೂರನೇ ಕಿಕ್

ನಿನ್ನೆ ರಾತ್ರಿಯಿಂದ ತಲೆ ಕೆಟ್ಟು ಕೂತಿದ್ದೇನೆ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ. ಉದ್ದ ಆಗುತ್ತದೆ, ಆಮೇಲೆ ಬೈಬೇಡಿ.

ನಾನು ಯಾವ ಆಟ ಆಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಅದೇ, ಹಳೇ ಸ್ಟ್ರಾಟಜಿ ಆಟ. ಜ್ವರ ಬಂದಾಗಲೂ ಬಿಡದೆ ಆಡಿ ಮನೆಯವರ ಕೈಲಿ ಬೈಸಿಕೊಂಡದ್ದು. ಒಳ್ಳೆಯ ಸಂಜೆ ಅಂದರೆ ನಲವತ್ತು ಜನ ಆನ್‌ಲೈನ್ ಇರುತ್ತಾರೆ. ಅದರಲ್ಲಿ ಐದಾರು ಜನ ಲಾಗಿನ್ ಮಾಡಿ ಮಲಗಿಬಿಟ್ಟವರು.

ನಿನ್ನೆ ಹತ್ತು ಗಂಟೆಯ ಹೊತ್ತಿಗೆ ನಾಲ್ಕು-ನಾಲ್ಕು ಜನರ ಆಟಕ್ಕೆ ರೂಮ್ ತೆರೆದಿತ್ತು. ಏಳು ಜನ ಸೇರಿದ್ದೆವು. ಎಂಟನೆಯವನಿಗಾಗಿ ಇಪ್ಪತ್ತು ನಿಮಿಷದಿಂದ ಕಾಯುತ್ತಿದ್ದೆವು. ಚಾಟ್‌ನಲ್ಲಿ ದಿನಾ ಇರುವ ಗೋಳು. "ಆಟ ಸತ್ತೋಯ್ತು ಗುರು." "ಹೊಸಬರು ಒಬ್ಬರೂ ಬರಲ್ಲ." "ಮೊದಲು ಹೇಗಿತ್ತು, ಈಗ ಹೇಗಾಯ್ತು ನೋಡು."

ಆಗ ಒಬ್ಬ ಬಂದ. ಹೊಸಬ ಅಂತ ಹೆಸರು ನೋಡಿದರೇ ಗೊತ್ತಾಗುತ್ತಿತ್ತು. ಆಟವೇ ಕೊಟ್ಟ ಹೆಸರು, ಹಿಂದೆ ಐದು ಅಂಕಿ. ಅದನ್ನು ಬದಲಿಸಬಹುದು ಅಂತಲೂ ಅವನಿಗೆ ತಿಳಿದಿರಲಿಲ್ಲ. "ಹಾಯ್ ಎಲ್ಲರಿಗೂ" ಅಂದ. ಏಳು ಜನರಲ್ಲಿ ಒಬ್ಬನೂ ಹಾಯ್ ಅನ್ನಲಿಲ್ಲ. ಒಂದೇ ಒಂದು ಪದ ಬಂತು: "ರೇಟಿಂಗ್?" ಅಂದರೆ ಆಟದಲ್ಲಿ ನಿನ್ನ ಬಲದ ಅಂಕ ಎಷ್ಟು ಅಂತ.

"ಅದನ್ನ ಎಲ್ಲಿ ನೋಡೋದು?" ಅಂತ ಕೇಳಿದ.

ಕಿಕ್.

ಒಂದು ನಿಮಿಷ ಆಗಿರಬಹುದು, ಮತ್ತೆ ಬಂದ. "ಸಾರಿ, ನನ್ನ ನೆಟ್ ಹೋಯ್ತು ಅನ್ಸುತ್ತೆ" ಅಂತ ಟೈಪ್ ಮಾಡಿದ.

ಆ ಸಾಲನ್ನು ಇನ್ನೊಂದು ಸಲ ಓದಿ. ಬೇಕಂತಲೇ ಹೊರಗೆ ಹಾಕಿದ್ದಾರೆ ಅನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ತನ್ನ ನೆಟ್‌ದೇ ತಪ್ಪು ಅಂದುಕೊಂಡು ನಮ್ಮ ಹತ್ತಿರವೇ ಕ್ಷಮೆ ಕೇಳಿದ! ಮತ್ತೆ ಕಿಕ್. ಮೂರನೇ ಸಲ ಬಂದಾಗ "ಹಲೋ" ಅಂತ ಬರೆಯುವಷ್ಟೂ ಬಿಡಲಿಲ್ಲ. ನಾಲ್ಕನೇ ಸಲ ಅವನು ಬರಲಿಲ್ಲ.

ಅವನು ಹೋದ ಎರಡು ನಿಮಿಷಕ್ಕೆ ನಮ್ಮವನೊಬ್ಬ ಬರೆದ: "ಒಬ್ಬ ಬೇಕು, ಯಾರಾದ್ರೂ ಇದೀರಾ?"

ಇನ್ನೂ ಕಾಲು ಗಂಟೆ ಕಾದೆವು. ಯಾರೂ ಬರಲಿಲ್ಲ. ಇಬ್ಬರು ನಿದ್ದೆ ಅಂತ ಎದ್ದು ಹೋದರು. ಅಲ್ಲಿಗೆ ರೂಮ್ ಮುಗಿಯಿತು. ಒಟ್ಟು ಲೆಕ್ಕ: ಆಡಿದ ಆಟ ಸೊನ್ನೆ, ಓಡಿಸಿದ ಹೊಸಬರು ಒಂದು.

ಆಟ ಸತ್ತೋಯ್ತಂತೆ. ಹೌದು ಸ್ವಾಮಿ, ಕತ್ತು ಹಿಸುಕಿದರೆ ಯಾವುದಾದರೂ ಸಾಯುತ್ತದೆ.

ನಮ್ಮ ಗುಂಪಿನಲ್ಲಿ ತಿಂಗಳಿಗೊಂದು ಸಲ "ಆಟ ಬೆಳೆಸುವುದು ಹೇಗೆ" ಅನ್ನುವ ಚರ್ಚೆ ನಡೆಯುತ್ತದೆ. ಪೋಸ್ಟರ್ ಮಾಡೋಣ, ಟ್ರೇಲರ್ ಮಾಡೋಣ, ಸ್ಟ್ರೀಮ್ ಮಾಡುವವರನ್ನು ಹಿಡಿಯೋಣ, ಟೂರ್ನಮೆಂಟ್ ಇಡೋಣ. ಹೊಸಬರಿಗೆ ಅಂತ ಒಂದು ಗೈಡ್ ಕೂಡ ಇದೆ, ನಲವತ್ತಾರು ಪುಟ. ಮೊದಲ ಅಧ್ಯಾಯದಲ್ಲಿ ಆಟದ ಯಾವ ಪ್ಯಾಚ್‌ನಲ್ಲಿ, ಅಂದರೆ ಅಪ್‌ಡೇಟ್‌ನಲ್ಲಿ, ಬಿಲ್ಲುಗಾರರ ಬಲ ಎಷ್ಟು ಇಳಿಯಿತು ಅನ್ನುವ ಇತಿಹಾಸ. ಅದರಲ್ಲಿ ಮೂರು ಪುಟ ಬರೆದವನು ನಾನೇ, ಆಗ ಭಾರೀ ಹೆಮ್ಮೆಪಟ್ಟಿದ್ದೆ. ಅದನ್ನು ಓದಿ ಆಟಕ್ಕೆ ಬಂದೆ ಅಂದವರು ಇವತ್ತಿನವರೆಗೂ ಒಬ್ಬರೂ ಸಿಕ್ಕಿಲ್ಲ. ತಳ ಒಡೆದ ಕೊಡಕ್ಕೆ ಎಷ್ಟು ನೀರು ಸುರಿದರೇನು? ಜನ ಬರುತ್ತಲೇ ಇದ್ದಾರೆ. ವಾರಕ್ಕೆ ಒಬ್ಬಿಬ್ಬರನ್ನು ನಾನೇ ನೋಡುತ್ತೇನೆ. ಬಂದವರು ಹತ್ತು ನಿಮಿಷದಲ್ಲಿ ಹೋಗುತ್ತಾರೆ. ಆ ಹತ್ತು ನಿಮಿಷದಲ್ಲಿ ಅವರಿಗೆ ಸಿಗುವುದು ನಾವು. ಪೋಸ್ಟರ್ ಏನು ಮಾಡೀತು?

ಈಗ ನಮ್ಮ ಹಿರಿಯರ ವಾದ ಬರುತ್ತದೆ, ಗೊತ್ತು. ಕಾಮೆಂಟ್‌ನಲ್ಲಿ ಟೈಪ್ ಮಾಡುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. "ನಾವೂ ಸೋತು ಸೋತೇ ಕಲಿತದ್ದು. ನಮಗೆ ಯಾರು ಕೈ ಹಿಡಿದು ಕಲಿಸಿದರು?"

ಸರಿ, ಲೆಕ್ಕ ನೋಡೋಣ. ನಾವು ದಿನಾ ಎದೆಗೆ ಅಂಟಿಸಿಕೊಂಡು ತಿರುಗುವ ಈ ರೇಟಿಂಗ್ ಇದೆಯಲ್ಲ, ಅದರ ಮೂಲ ಚೆಸ್. ಆರ್ಪಾಡ್ ಎಲೋ ಅನ್ನುವವರು ಕಟ್ಟಿದ ಲೆಕ್ಕ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಆ ಲೆಕ್ಕದ ಪ್ರಕಾರ ಇಬ್ಬರ ನಡುವೆ 400 ಅಂಕದ ಅಂತರ ಇದ್ದರೆ ಬಲ್ಲವನು ಹತ್ತು ಗೆದ್ದಾಗ ಹೊಸಬ ಒಂದು ಗೆಲ್ಲಬಹುದು. 800 ಆದರೆ ನೂರಕ್ಕೆ ಒಂದು. ನಮ್ಮಲ್ಲಿ ದಿನಾ ಆಡುವವರು 1800ರ ಆಸುಪಾಸಿನಲ್ಲಿದ್ದೇವೆ. ಹೊಸಬನಿಗೆ ಆಟ ಸುಮ್ನೆ 1000 ಕೊಡುತ್ತದೆ, ಅಷ್ಟೂ ಬಲ ಅವನಿಗೆ ಇರುವುದಿಲ್ಲ. ಒಬ್ಬರಿಗೊಬ್ಬರು ಆಡಿದರೆ ಒಂದು ಆಟ ಸುಮಾರು ನಲವತ್ತು ನಿಮಿಷ. ಅಂದರೆ ಒಂದೇ ಒಂದು ಗೆಲುವು ನೋಡಲು ಅವನು ಅರವತ್ತಾರು ಗಂಟೆ ಒದೆ ತಿನ್ನಬೇಕು. ನೀವು ತಿಂದಿದ್ದಿರಾ? ನಾನಂತೂ ತಿಂದಿಲ್ಲ.

ನಾವು ಕಲಿಯುವಾಗ ಸೋತಿದ್ದು ನಿಜ. ಆದರೆ ಯಾರ ಕೈಲಿ ಸೋತೆವು? ನಮ್ಮಷ್ಟೇ ದಡ್ಡರ ಕೈಲಿ. ಆಗ ಆಟದಲ್ಲಿ ನೂರಾರು ಕಲಿಕೆಯವರಿದ್ದರು. ಗೋಡೆಗೆ ಬಾಗಿಲು ಇಡಲು ಮರೆತು ತನ್ನ ಸೈನ್ಯವನ್ನು ತಾನೇ ಒಳಗೆ ಕೂಡಿಹಾಕಿಕೊಂಡವನ ವಿರುದ್ಧ ನಾನು ನನ್ನ ಮೊದಲ ಆಟ ಗೆದ್ದೆ. ಇವತ್ತಿನ ಹೊಸಬನಿಗೆ ಅಂಥ ಪುಣ್ಯ ಎಲ್ಲಿದೆ? ಅವನು ಬಾಗಿಲು ತೆಗೆದರೆ ಎದುರಿಗೆ ಹತ್ತು ವರ್ಷ ಆಡಿದ ಏಳು ಜನ ನಿಂತಿರುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಮ್ಮ ಆಟದಲ್ಲಿ ಬರೀ ಅತ್ತೆಯರೇ ಉಳಿದಿದ್ದೇವೆ.

ಇನ್ನು ಕೆಲವು ಮಹಾನುಭಾವರಿದ್ದಾರೆ. ಹೊಸ ಅಕೌಂಟ್ ಮಾಡಿಕೊಂಡು, ಹೊಸಬರ ರೂಮಿಗೆ ನುಗ್ಗಿ, ಹನ್ನೊಂದು ನಿಮಿಷದಲ್ಲಿ ಊರು ಸುಟ್ಟು, "ಜಿಜಿ" (ಗುಡ್ ಗೇಮ್) ಅಂತ ಬರೆದು ಹೋಗುವವರು. ಸ್ಮರ್ಫಿಂಗ್ ಅಂತ ಅದಕ್ಕೆ ಮುದ್ದಾದ ಹೆಸರು ಬೇರೆ. ಕಾಲೇಜು ಓದುವವನು ಒಂದನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು ಫಸ್ಟ್ ಬಂದ ಹಾಗೆ.

ಇದೇನು ಹೊಸ ರೋಗ ಅಂದುಕೊಳ್ಳಬೇಡಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಬರೀ ಅಕ್ಷರಗಳಲ್ಲೇ ಆಡುವ ಮಡ್ ಅನ್ನುವ ಆಟ ಶುರು ಮಾಡಿದರು. ಆಮೇಲೆ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಹಲವು ಜನ ಒಟ್ಟಿಗೆ ಆಡುವ ಇವತ್ತಿನ ಎಷ್ಟೋ ಆಟಗಳ ಮುತ್ತಾತ ಅದು. 1996ರಲ್ಲಿ ಬಾರ್ಟಲ್ ಒಂದು ಲೇಖನ ಬರೆದು ಆಟಗಾರರನ್ನು ನಾಲ್ಕು ಜಾತಿ ಮಾಡಿದರು. ಸಾಧಿಸಲು ಬರುವವರು, ಸುತ್ತಾಡಿ ಹುಡುಕಲು ಬರುವವರು, ಹರಟೆಗೆ ಬರುವವರು, ಇನ್ನೊಬ್ಬರನ್ನು ಕಾಡಲಿಕ್ಕೇ ಬರುವವರು. ಕಾಡುವವರು ಜಾಸ್ತಿಯಾದರೆ ಹರಟೆಯವರು ಜಾಗ ಬಿಡುತ್ತಾರೆ ಅಂತಲೂ ಬರೆದರು. ನಮ್ಮಲ್ಲಿ ಹರಟೆಯವರು ಯಾವತ್ತೋ ಬಿಟ್ಟು ಹೋದರು. ಉಳಿದವರು ಒಬ್ಬರನ್ನೊಬ್ಬರು ಕಾಡಿಕೊಂಡು, ಯಾಕೋ ಬೇಜಾರು ಅಂತ ಆಕಳಿಸುತ್ತಿದ್ದೇವೆ.

ಬೇರೆ ಕಡೆ ಏನು ಮಾಡುತ್ತಾರೆ ಅಂತ ನೋಡಿ. ಈವ್ ಆನ್‌ಲೈನ್ ಅಂತ ಒಂದು ಆಟ ಇದೆ, 2003ರದ್ದು. ಮೋಸ, ಲೂಟಿ, ಬೆನ್ನಿಗೆ ಚೂರಿ ಎಲ್ಲವೂ ಅಲ್ಲಿ ಆಟದ ಭಾಗವೇ. ನಮ್ಮ ಆಟ ಅದರ ಮುಂದೆ ಅಂಗನವಾಡಿ. ಅಂಥ ಕಡೆ ಆಟಗಾರರೇ ಸೇರಿ 2004ರಲ್ಲಿ ಈವ್ ಯೂನಿವರ್ಸಿಟಿ ಅಂತ ಒಂದು ಗುಂಪು ಕಟ್ಟಿದರು. ಹೊಸಬರಿಗೆ ಕಲಿಸುವುದೇ ಕೆಲಸ. ಫೈನಲ್ ಫ್ಯಾಂಟಸಿ 14 ಅನ್ನುವ ಇನ್ನೊಂದು ಆನ್‌ಲೈನ್ ಆಟದಲ್ಲಿ ಹೊಸಬನ ಹೆಸರಿನ ಪಕ್ಕ ಒಂದು ಮೊಳಕೆಯ ಗುರುತು ಕಾಣುತ್ತದೆ. ಗುಂಪು ಕಟ್ಟಿಕೊಂಡು ಒಂದು ಕೋಟೆಗೆ ನುಗ್ಗುವಾಗ ಅಲ್ಲಿಗೆ ಮೊದಲ ಸಲ ಬಂದವರಿದ್ದರೆ ಆಟ ಮುಗಿದಾಗ ಬೋನಸ್ ಸಿಗುತ್ತದೆ. ಹಾಗಾಗಿ ಹೊಸಬ ಬಂದ ಅಂದರೆ ಹಳಬರು ಮುಖ ಸಿಂಡರಿಸುವ ಬದಲು ಒಳಗೊಳಗೇ ಖುಷಿಪಡುತ್ತಾರೆ. ದುರಾಸೆಯನ್ನೇ ಹಿಡಿದು ಒಳ್ಳೆ ಕೆಲಸ ಮಾಡಿಸಿದ್ದಾರೆ ನೋಡಿ, ಭೇಷ್!

"ಅದು ದೊಡ್ಡ ಕಂಪನಿ, ದುಡ್ಡಿದೆ" ಅನ್ನಬೇಡಿ. "ಹಾಯ್" ಅಂದವನಿಗೆ "ಹಾಯ್" ಅನ್ನಲು ಯಾವ ಕಂಪನಿಯ ದುಡ್ಡು ಬೇಕು?

ಒಂದು ಮಾತು ಮಾತ್ರ ಒಪ್ಪುತ್ತೇನೆ. ದಿನವಿಡೀ ದುಡಿದು ಬಂದವನಿಗೆ ಸಿಗುವುದು ಒಂದು ಗಂಟೆ. ಅದರಲ್ಲಿ ಒಂದು ಒಳ್ಳೆ, ಸರಿಸಮನಾದ ಆಟ ಬೇಕು ಅನ್ನುವುದು ತಪ್ಪಲ್ಲ. ದಿನಾ ಮೇಷ್ಟ್ರ ಕೆಲಸ ಮಾಡಿ ಅಂತ ನಾನೂ ಹೇಳಲ್ಲ. ವಾರಕ್ಕೆ ಒಂದು ದಿನ, ಒಂದೇ ಹೊತ್ತು, ಅಷ್ಟೇ. ನಲವತ್ತು ಜನ ಇಪ್ಪತ್ತನಾಲ್ಕು ಗಂಟೆಗೆ ಹರಡಿಕೊಂಡರೆ ಯಾವಾಗ ಬಂದರೂ ರೂಮ್ ಖಾಲಿ ಕಾಣುತ್ತದೆ. ಅದೇ ನಲವತ್ತು ಜನ ಒಂದೇ ಹೊತ್ತಿಗೆ ಬಂದರೆ ಎಂಟು ಜನರ ಐದು ರೂಮ್ ಆಗುತ್ತದೆ. ಆಗ ಕಲಿಕೆಯವರೇ ನಾಲ್ಕೈದು ಜನ ಒಂದು ಕಡೆ ಸಿಕ್ಕರೂ ಸಿಗಬಹುದು. ಗೋಡೆಗೆ ಬಾಗಿಲು ಇಡಲು ಮರೆಯುವವರು ಮತ್ತೆ ಒಬ್ಬರಿಗೊಬ್ಬರು ಸಿಗುತ್ತಾರೆ.

ಇನ್ನೊಂದು ತುದಿಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೋದ ತಿಂಗಳು ಒಬ್ಬಳು ಹೊಸಬಳು ಬಂದಳು. ನಮ್ಮ ಗುಂಪಿಗೆ ಅವತ್ತು ಪ್ರೀತಿ ಉಕ್ಕಿ ಹರಿಯಿತು. ಒಬ್ಬ ಚಿನ್ನ ಕಳಿಸಿದ, ಒಬ್ಬ ಮರ ಕಡಿ ಅಂದ, ಇನ್ನೊಬ್ಬ ಮರ ಬೇಡ ಕಲ್ಲು ಅಂದ, ಮ್ಯಾಪ್ ತುಂಬಾ "ಇಲ್ಲಿ ನೋಡು" ಅನ್ನುವ ಪಿಂಗ್ ಗುರುತು, ಕಿವಿಯಲ್ಲಿ ಮೂರು ಜನರ ಗದ್ದಲ. ಮೈಕ್‌ನಲ್ಲಿ ಹೆಣ್ಣಿನ ದನಿ ಕೇಳಿದ ಮೇಲೆ ಇಬ್ಬರ ದನಿ ಬದಲಾದ ರೀತಿ ಬೇರೆ. ನನಗೇ ನಾಚಿಕೆ ಆಯಿತು. ಅವಳು ಮೊದಲು ಮೈಕ್ ಆಫ್ ಮಾಡಿದಳು, ಹದಿಮೂರನೇ ನಿಮಿಷಕ್ಕೆ ಆಟವನ್ನೂ. ಮತ್ತೆ ಕಂಡಿಲ್ಲ.

ನನಗೆ ಕಲಿಸಿದವನ ನೆನಪಾಗುತ್ತದೆ. ಹತ್ತು ವರ್ಷದ ಹಿಂದಿನ ಮಾತು. ನಾನು ಹೀನಾಯವಾಗಿ ಸೋತಿದ್ದೆ. ಎಲ್ಲರೂ ರೂಮ್ ಬಿಟ್ಟು ಹೋದರು, ಅವನೊಬ್ಬ ಉಳಿದ. "ಎರಡು ನಿಮಿಷ ಇದೆಯಾ?" ಅಂದ. ಸೈನಿಕರನ್ನು ಆಯ್ಕೆ ಮಾಡಿ ಕಂಟ್ರೋಲ್ ಒತ್ತಿ ಒಂದು ನಂಬರ್ ಒತ್ತು, ಇನ್ನು ಮೇಲೆ ಆ ನಂಬರ್ ಒತ್ತಿದರೆ ಅವರೇ ಬರುತ್ತಾರೆ ಅಂದ. ನಾನು ಅಲ್ಲಿಯವರೆಗೂ ಒಬ್ಬೊಬ್ಬ ಸೈನಿಕನನ್ನೂ ಮೌಸ್‌ನಲ್ಲಿ ಹುಡುಕಿ ಹುಡುಕಿ ಹಿಡಿಯುತ್ತಿದ್ದೆ! ಮತ್ತೇನಿದೆ ಹೇಳು ಅಂದೆ. "ಇವತ್ತಿಗೆ ಇಷ್ಟು ಸಾಕು. ನಾಳೆ ಬಾ, ಇನ್ನೊಂದು ಹೇಳ್ತೀನಿ" ಅಂದ.

ನಾಳೆ ಹೋದೆ. ಇವತ್ತಿಗೂ ಹೋಗುತ್ತಲೇ ಇದ್ದೇನೆ. ಅವನು ಆಟ ಬಿಟ್ಟು ಎಷ್ಟೋ ವರ್ಷವಾಯಿತು. ಅವನ ನಿಜವಾದ ಹೆಸರೂ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಬರೆದೆ. ಒಂದನ್ನು ಹೇಳದೆ ಉಳಿಸಿಕೊಂಡಿದ್ದೆ. ನಿನ್ನೆ ಮೊದಲ ಎರಡು ಕಿಕ್ ಮಾಡಿದ್ದು ರೂಮ್ ತೆರೆದ ಗೆಳೆಯ. ಆಮೇಲೆ ಅವನು ಫೋನ್ ಬಂತು ಅಂತ ಎದ್ದ. ಹೋಗುವಾಗ ರೂಮಿನ ಹಿಡಿತ ನನ್ನ ಕೈಗೆ ಕೊಟ್ಟ. ಹೊಸಬ ಮೂರನೇ ಸಲ ಬಂದಾಗ ಉಳಿದವರು "ಮತ್ತೆ ಬಂದ, ಕಿಕ್ ಕಿಕ್" ಅಂತ ಬರೆಯುತ್ತಿದ್ದರು. ಬಟನ್ ನನ್ನ ಹತ್ತಿರ ಇತ್ತು. ಒತ್ತಿದೆ. ಯೋಚಿಸಲೂ ಇಲ್ಲ, ಸೊಳ್ಳೆ ಹೊಡೆದ ಹಾಗೆ. ನಲವತ್ತಾರು ಪುಟದ ಗೈಡ್‌ನಲ್ಲಿ "ಹೊಸಬರಿಗೆ ಸ್ವಾಗತ" ಅನ್ನುವ ಪುಟ ಬರೆದವನೂ ನಾನೇ.

ಬೆಳಿಗ್ಗೆ ಎದ್ದು ಆ ಐದು ಅಂಕಿಯ ಹೆಸರನ್ನು ಚಾಟ್ ಹಿಸ್ಟರಿಯಲ್ಲಿ ಹುಡುಕಿ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದೇನೆ. ಜೊತೆಗೆ ಒಂದು ಸಾಲು: "ನಿಮ್ಮ ನೆಟ್ ಸರಿಯಾಗೇ ಇತ್ತು. ನಾನೇ ತೆಗೆದದ್ದು. ತಪ್ಪಾಯ್ತು." ಸಂಜೆ ಆದರೂ ಉತ್ತರ ಬಂದಿಲ್ಲ. ಕೊನೆಯ ಲಾಗಿನ್ ನಿನ್ನೆ ರಾತ್ರಿ 10:24 ಅಂತಲೇ ತೋರಿಸುತ್ತಿದೆ.

ಇವತ್ತು ಒಂಬತ್ತಕ್ಕೆ ರೂಮ್ ತೆರೆಯುತ್ತೇನೆ. ಹೆಸರು "ರೇಟಿಂಗ್ ಕೇಳಲ್ಲ". ನಿನ್ನೆಯ ಗೆಳೆಯ ಇದನ್ನು ಓದಿ ಖಂಡಿತ ಫೋನ್ ಮಾಡಿ ಬೈತಾನೆ. ಬೈಯೋ, ಪರವಾಗಿಲ್ಲ. ಬೈದ ಮೇಲೆ ಬಾ. ಎಂಟನೇ ಜಾಗ ಮಾತ್ರ ಹತ್ತೂವರೆವರೆಗೂ ಖಾಲಿ ಇಡುತ್ತೇನೆ, ಅದಕ್ಕೆ ಕೈ ಹಾಕಬೇಡ.