ಕ್ಲಚ್ಚಿಗೆ ಕೊಬ್ಬರಿ ಎಣ್ಣೆ

ಬೈಕಿನಲ್ಲಿ ಏನೇ ಕೀಂಯ್ ಅಂದರೂ ನಮ್ಮವರ ಕೈ ಮೊದಲು ಹೋಗುವುದು ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಗೆ. ತಲೆಗೆ ಆಗುವುದು ಕ್ಲಚ್ಚಿಗೆ ಯಾಕಾಗಬಾರದು ಎಂಬ ತರ್ಕ. ಎರಡು ಹನಿ ಬಿಟ್ಟೊಡನೆ ಲಿವರ್ ಬಾಯಿ ಮುಚ್ಚುತ್ತದೆ, ಅದೂ ನಿಜ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಬಾಟಲಿಯನ್ನು ಬಿಸಿನೀರಿನ ಚೊಂಬಿನೊಳಗೆ ನಿಲ್ಲಿಸುವವರಿಗೆ, ಅದೇ ಎಣ್ಣೆ ಕ್ಲಚ್ ವೈರಿನೊಳಗೂ ಗಟ್ಟಿಯಾಗಿ ಕೂತಿದೆ ಎಂಬುದು ಹೊಳೆಯುವುದಿಲ್ಲ. ಹೊಳೆದರೂ ಬೈಕಿಗೆ ಸಾಲುವ ಚೊಂಬು ಎಲ್ಲಿಂದ ತರುವುದು?

ಹೊರಗಿನಿಂದ ಬಿಟ್ಟ ಎಣ್ಣೆ ಯಾವುದೇ ಆಗಲಿ, ಅಲ್ಲಿರುವ ಹಳೆಯ ಧೂಳಿಗೆ ಬೆರೆತು ತಿಕ್ಕುವ ಪುಡಿಯ ಕೆಲಸ ಮಾಡುತ್ತದೆ. ಬೂದಿ ಹಾಕಿ ಪಾತ್ರೆ ಬೆಳಗಿದ ಹಾಗೆ ಲಿವರ್ ತಿರುಗುವ ಬೋಲ್ಟು ಸವೆದು, ಲಿವರ್ ಮೇಲೆ ಕೆಳಗೆ ಲಟಲಟ ಎನ್ನತೊಡಗುತ್ತದೆ. ಬಿಚ್ಚಿ ಒರೆಸದೆ ಗತಿಯಿಲ್ಲ.

ಬೇಕಾದದ್ದು ಹೆಚ್ಚಿನ ಬೈಕುಗಳಲ್ಲಿ 10ರ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಬಿಚ್ಚಿದ್ದನ್ನು ತಿಕ್ಕಿ ತೊಳೆಯಲು ಅರ್ಧ ಲೋಟ ಡೀಸೆಲ್, ಹಲ್ಲಿಗೆ ನಿವೃತ್ತವಾದ ಬ್ರಷ್, ಕಡಲೆಕಾಳಿನಷ್ಟು ಗ್ರೀಸ್. ಲಿವರಿನ ಬಳಿ ವೈರನ್ನು ಬಿಗಿ-ಸಡಿಲ ಮಾಡುವ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಅದರ ಸೀಳು, ಲಾಕ್ ನಟ್ಟಿನ ಸೀಳು, ಲಿವರ್ ಕೂರುವ ಹಿಡಿಕೆಯ ಸೀಳು ಮೂರನ್ನೂ ಒಂದೇ ಸಾಲಿಗೆ ತನ್ನಿ, ವೈರು ಹೊರಬರುವುದು ಆ ಸೀಳಿನಿಂದಲೇ. ಜಾತಕ ಕೂಡಿಸುವಷ್ಟೇ ತಾಳ್ಮೆಯ ಕೆಲಸ: ಎರಡು ಕೂಡುವಷ್ಟರಲ್ಲಿ ಮೂರನೆಯದು ಜಾರಿರುತ್ತದೆ. ಆಮೇಲೆ ಕೆಳಗಿನ ನಟ್ ಬಿಚ್ಚಿ, ಮೇಲಿನ ಬೋಲ್ಟನ್ನು ತಿರುಗಿಸಿಯೇ ತೆಗೆಯಿರಿ. ಬಹಳ ಬೈಕುಗಳಲ್ಲಿ ಅದು ಹಿಡಿಕೆಯ ಕೆಳಗಿನ ಕಿವಿಗೂ ಥ್ರೆಡ್ ಹಿಡಿದಿರುತ್ತದೆ. ನಟ್ ಬಂತಲ್ಲ ಎಂದು ಕೆಳಗಿನಿಂದ ಸುತ್ತಿಗೆ ಬಡಿದರೆ ಬೋಲ್ಟಿನ ಜೊತೆ ಥ್ರೆಡ್ಡೂ ಹೊರಬರುತ್ತದೆ. ಕೆಳಗೆ ಒಂದು ಬಟ್ಟೆ ಹಾಸಿಕೊಂಡಿರಿ, ಏಕೆಂದರೆ ಬಿದ್ದ ನಟ್ಟಿಗೆ ಚರಂಡಿಯ ದಾರಿ ಹುಟ್ಟಿನಿಂದಲೇ ಗೊತ್ತು.

ಲಿವರ್ ಕೈಗೆ ಬಂದಮೇಲೆ ವೈರಿನ ತುದಿಯ ಪುಟ್ಟ ಲೋಹದ ಗುಂಡನ್ನು ನೋಡಿ. ನಿಜವಾದ ಖಳನಾಯಕ ಇವನೇ. ಕ್ಲಚ್ ಹಿಡಿದಾಗಲೆಲ್ಲ ಈ ಗುಂಡು ತನ್ನ ಗೂಡಿನೊಳಗೆ ಒಂದಿಷ್ಟು ತಿರುಗಬೇಕು. ಒಣಗಿ ಹಿಡಿದುಕೊಂಡರೆ ಅದು ತಿರುಗುವುದಿಲ್ಲ, ಅದರ ಬದಲು ಗುಂಡಿನ ಬುಡದಲ್ಲಿ ವೈರು ಬಗ್ಗುತ್ತದೆ. ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಅದನ್ನೇ ಇಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಮಾಡುತ್ತಿರುತ್ತೇವೆ. ಒಂದೊಂದೇ ಎಳೆ ಹರಿದು, ಕೊನೆಯದು ಸರಿಯಾಗಿ ಘಾಟಿಯ ನಡುವೆ ಹರಿಯುತ್ತದೆ. ಆಮೇಲೆ ‘ಡೂಪ್ಲಿಕೇಟ್ ವೈರ್ ಕೊಟ್ಟುಬಿಟ್ಟ’ ಎಂದು ಅಂಗಡಿಯವನಿಗೆ ಶಾಪ. ಒಂದು ಎಳೆ ಎದ್ದು ಬೆರಳಿಗೆ ಚುಚ್ಚಿದರೂ ವೈರನ್ನು ಬದಲಿಸಿ. ಚೆನ್ನಾಗಿದ್ದರೆ ಗುಂಡಿಗೂ ಅದರ ಗೂಡಿಗೂ ಗ್ರೀಸ್ ಸವರಿ.

ವೈರಿನೊಳಕ್ಕೆ ಮಾತ್ರ ಗ್ರೀಸ್ ತುರುಕಬೇಡಿ, ಅಲ್ಲಿ ತೆಳು ಎಣ್ಣೆಯೇ ಇಳಿಯುವುದು. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆ ಕತ್ತರಿಸಿ, ವೈರಿನ ಕವಚದ ಬಾಯಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಎರಡು ಚಮಚ ಎಂಜಿನ್ ಆಯಿಲ್ ಸುರಿದು ರಾತ್ರಿ ಹಾಗೇ ಬಿಡಿ. ಇನ್ನೊಂದು ತುದಿಯ ಕೆಳಗೆ ಡಬ್ಬಿ ಇಡಿ. ಬೆಳಿಗ್ಗೆ ಹ್ಯಾಂಡಲ್ಲಿಗೆ ಡ್ರಿಪ್ ಹಾಕಿದ್ದು ಕಂಡು ನೆರೆಮನೆಯವರು ಆರೋಗ್ಯ ವಿಚಾರಿಸಿದರೆ ಉತ್ತರ ಸಿದ್ಧವಿರಲಿ.

ಬಲಗಡೆಯ ಡಿಸ್ಕ್ ಬ್ರೇಕ್ ಲಿವರಿಗೂ ಇದೇ ಉಪಚಾರ, ಆದರೆ ಮಡಿ ಹೆಚ್ಚು. ಲಿವರ್ ಒತ್ತುವ ಪಿಸ್ಟನ್ನಿನ ಸುತ್ತ ರಬ್ಬರ್ ಇದೆ. ಅಲ್ಲಿಗೆ ಡೀಸೆಲ್ ತಾಗಬಾರದು, ಮಾಮೂಲಿ ಗ್ರೀಸಿಗೆ ಆ ರಬ್ಬರ್ ಊದಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಿ, ಅದೂ ತೆಳ್ಳಗೆ. ಇಲ್ಲಿ ಲಿವರ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಬ್ರೇಕ್ ಆಯಿಲ್ ವಾಪಸಾಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಪ್ಯಾಡ್ ತಿಕ್ಕಿ ಡಿಸ್ಕ್ ಕಾಯುತ್ತದೆ, ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಬ್ರೇಕ್ ತಾನಾಗಿಯೇ ಹಿಡಿಯುತ್ತಾ ಹೋಗುತ್ತದೆ. ಗ್ರೀಸಿನ ಕೈಯಲ್ಲಿ ‘ಡಿಸ್ಕ್ ಬಿಸಿಯಿದೆಯಾ’ ಎಂದು ಮುಟ್ಟಿ ನೋಡುವ ಪುಣ್ಯಾತ್ಮರೂ ಇದ್ದಾರೆ. ಅವರಿಗೆ ಮುಂದೆ ಬ್ರೇಕೇ ಹಿಡಿಯುವುದಿಲ್ಲ.

ಜೋಡಿಸುವಾಗ ಭುಜಬಲ ಬೇಡ. ಬೋಲ್ಟನ್ನು ಲಿವರ್ ಸಲೀಸಾಗಿ ಆಡುವಷ್ಟೇ ತಿರುಗಿಸಿ, ಸ್ಕ್ರೂಡ್ರೈವರಿನಿಂದ ಅಲ್ಲೇ ಹಿಡಿದುಕೊಂಡು ಕೆಳಗಿನ ನಟ್ ಬಿಗಿಯಿರಿ. ‘ಇರಲಿ’ ಅಂತ ಬೋಲ್ಟಿಗೆ ಇನ್ನರ್ಧ ಸುತ್ತು ಕೊಟ್ಟರೆ ಎರಡೂ ಕಿವಿ ಲಿವರನ್ನು ಅದುಮಿ, ಹಿಡಿದ ಕ್ಲಚ್ ಹಿಡಿದಲ್ಲೇ ನಿಲ್ಲುತ್ತದೆ. ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಪ್ಲೇ, ಅಂದರೆ ಕ್ಲಚ್ ಎಳೆಯತೊಡಗುವ ಮೊದಲಿನ ಸಡಿಲ ಆಟ, ಇರಬೇಕು, ನಿಮ್ಮ ಬೈಕಿನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಕಡಿಮೆಯಾದರೆ ಕ್ಲಚ್ ಪ್ಲೇಟು ಜಾರಿ ಸುಡುತ್ತದೆ. ಹೆಚ್ಚಾದರೆ ನ್ಯೂಟ್ರಲ್ ಹುಡುಕುವುದು ಸಂತೆಯಲ್ಲಿ ಕಳೆದ ಮಗುವನ್ನು ಹುಡುಕಿದಂತೆ.

ಮಾಡಿದ್ದನ್ನೆಲ್ಲ ಕಳೆಯುವುದಕ್ಕೆ ಆಯುಧಪೂಜೆಯ ವಾಟರ್ ಸರ್ವಿಸ್ ಒಂದೇ ಸಾಕು. ಪ್ರೆಶರ್ ನೀರು ಗ್ರೀಸನ್ನು ಹೊರಹಾಕುತ್ತದೆ, ಮೇಲೆ ಕುಂಕುಮ, ಚೆಂಡುಹೂವು, ಚಕ್ರಕ್ಕೆ ನಿಂಬೆಹಣ್ಣು. ಎಣ್ಣೆ ಹಾಕೋಣವೆಂದರೆ ಅಂದು ಸ್ಪ್ಯಾನರೂ ಪೂಜೆಗೆ ಕೂತಿರುತ್ತದೆ, ಏಳುವುದಿಲ್ಲ.

ಹ್ಞಾಂ, ಲಿವರುಗಳ ಬುಡದಲ್ಲಿ ಸಣ್ಣ ಸ್ವಿಚ್ಚುಗಳಿರುತ್ತವೆ. ಕ್ಲಚ್ಚಿನದು ಸಿಕ್ಕಿಕೊಂಡರೆ ಗೇರಿನಲ್ಲಿ ಸೆಲ್ಫ್ ಎತ್ತುವುದಿಲ್ಲ, ಬ್ರೇಕಿನದಾದರೆ ಹಿಂದಿನ ಕೆಂಪು ದೀಪ ಆರುವುದಿಲ್ಲ, ಇಲ್ಲವೇ ಹತ್ತುವುದಿಲ್ಲ. ಅದನ್ನು ನೋಡಲು ಮನೆಯವರನ್ನು ಒಲೆಯ ಮುಂದಿನಿಂದ ಕರೆಯಬೇಡಿ. ಕತ್ತಲಾದ ಮೇಲೆ ಬೈಕಿನ ಬೆನ್ನನ್ನು ಗೋಡೆಗೆ ಮಾಡಿ ನಿಲ್ಲಿಸಿ ಬ್ರೇಕ್ ಹಿಡಿಯಿರಿ. ಗೋಡೆ ಕೆಂಪಾಗುತ್ತದೆ.